ಕಿಲ್ಲಾ ನೋಡಲು ಬಂದವರು

ಚಹಾ ಪೂರ್ತಿ ಕುಡಿದರು. ಎಮಿಲಿಗೆ ಮೊದಲ ಅನುಮಾನ ಹುಟ್ಟಿದ್ದೇ ಅಲ್ಲಿ. ಭಾಲ್ಕಿಯ ವಕೀಲ ಭಾಲಚಂದ್ರರು ಬೆಳಗಿನ ಬಸ್ಸಿಗೆ ಬಂದಿಳಿದು, ಬೀದರಿನ ಮಿಷನ್ ಕಂಪೌಂಡಿನ ಹಿಂದಿನ ಓಣಿಯಲ್ಲಿ ಈ ಮನೆ ಹುಡುಕಿಕೊಂಡು, ಕೊಟ್ಟ ಕುರ್ಚಿಯಲ್ಲಿ ಕೂತು, ಕಪ್ಪಿನ ತಳದಲ್ಲಿ ಹನಿ ಉಳಿಯದಂತೆ ಕುಡಿದರು. ಮೇಲೆ ಛಲೋ ಆಗ್ಯಾದ್ರಿ ಅಂದರು. ಒಲ್ಲೆ ಅಂದಿದ್ದರೆ ಎಮಿಲಿಗೆ ಏನು ಮಾಡಬೇಕೆಂದು ಗೊತ್ತಿತ್ತು. ಈಗಷ್ಟೇ ಆತ್ರಿ, ಪಿತ್ತ ಆಗ್ತದ್ರಿ, ಇವತ್ತು ಉಪವಾಸ್ರಿ ಎನ್ನುವವರನ್ನು ಅವಳು ಲಂಗ ಉಡುತ್ತಿದ್ದ ಕಾಲದಿಂದ ನೋಡುತ್ತ ಬಂದವಳು. ಅಂಥವರ ಮುಂದೆ ಮುಖ ಹ್ಯಾಗೆ ಇಟ್ಟುಕೊಳ್ಳಬೇಕೆಂಬುದು ರೂಢಿಯಾಗಿಬಿಟ್ಟಿತ್ತು. ಆದರೆ ತಳ ಕಾಣುವ ತನಕ ಕುಡಿದು, ಕಪ್ಪನ್ನು ಸಪ್ಪಳವಾಗದಂತೆ ಬಸಿಯಲ್ಲಿಟ್ಟ ಈ ಮನುಷ್ಯ? ನೋಡು ತಾಯಿ, ನಿನ್ನ ಮನೆಯಲ್ಲಿ ನಾನು ಕುಡಿಯುತ್ತೇನೆ, ಕುಡಿದೆ, ಎಂದು ತೋರಿಸಲಿಕ್ಕೇ ಕುಡಿದದ್ದಲ್ಲವೆ? ಮನಸ್ಸಿನಲ್ಲಿ ಏನೂ ಇಲ್ಲದವನು ಅರ್ಧ ಕುಡಿದು ಮರೆತು ಎದ್ದು ಹೋಗುತ್ತಿದ್ದ.

ಕಿಲ್ಲಾ ನೋಡಬೇಕಂತೆ. ಬಸ್ಸು ಹತ್ತಿ ಒಂದು ನಿದ್ದೆ ತೆಗೆಯುವುದರೊಳಗೆ ಬೀದರು ಬರುವ ಭಾಲ್ಕಿಯಲ್ಲಿ ಹುಟ್ಟಿ, ತಲೆ ಬೆಳ್ಳಗಾಗುವ ತನಕ ಜಿಲ್ಲಾ ಕೋರ್ಟಿಗೆ ಓಡಾಡಿದ ವಕೀಲ, ಕಿಲ್ಲಾ ಒಳಗೆ ಸರಿಯಾಗಿ ನೋಡೇ ಇಲ್ರಿ ಅಂದರೆ ಯಾರ ಕಿವಿಗೆ ಹೂವು ಇಡುತ್ತಾನೆ? ಅನುಗ್ರಹ ಔರಾದದಿಂದ ಫೋನು ಮಾಡಿ, ಪರಾಗನ ಅಪ್ಪ ಬರ್ತಾರಂತ, ಕಿಲ್ಲಾ ತೋರಿಸಿ ಕಳಿಸು ದೊಡ್ಡಮ್ಮ ಎಂದಾಗಲೇ ಎಮಿಲಿಗೆ ತಿಳಿದಿತ್ತು. ಅನುಗ್ರಹ ಅಲ್ಲಿ ಸರಕಾರಿ ದವಾಖಾನೆಯಲ್ಲಿ ನರ್ಸು. ವಕೀಲರ ಮಗ ಪರಾಗ ಅದೇ ಊರಿನಲ್ಲಿ ದನದ ಡಾಕ್ಟರು. ಇಬ್ಬರೂ ಒಬ್ಬರನ್ನೊಬ್ಬರು ಒಪ್ಪಿಕೊಂಡು ಬಹಳ ದಿನವಾಗಿದೆ. ಈಗ ಹಿರಿಯರು ಒಪ್ಪಬೇಕು. ಆದರೆ ಈ ಕಡೆ ಒಂದು ರಿವಾಜು. ಸಂಬಂಧದ ಮಾತು ಬಾಯಿಬಿಟ್ಟು ಆಡುವ ಮೊದಲು ಒಬ್ಬರು ಮತ್ತೊಬ್ಬರ ಮನೆಗೆ ಬೇರೇನೋ ನೆಪ ಹೇಳಿ ಹೋಗಿಬರಬೇಕು, ಎತ್ತು ನೋಡಲಿಕ್ಕೆ ಬಂದೆ, ದವಾಖಾನೆಗೆ ಬಂದಿದ್ದೆ, ಕಿಲ್ಲಾ ನೋಡಲಿಕ್ಕೆ ಬಂದೆ. ಇಡೀ ದಿನ ಜೊತೆಗಿದ್ದರೂ ಸಂಬಂಧದ ಮಾತು ಎತ್ತಬಾರದು. ಹೆಣ್ಣಿನ ಕಡೆಯವರು ಮೊದಲು ಎತ್ತಿದರೆ ಅಂಗಲಾಚಿದಂತೆ. ಗಂಡಿನ ಕಡೆಯವರು ಎತ್ತಿದರೆ ಹುಡುಗನಲ್ಲಿ ಎಲ್ಲೋ ಹುಳುಕಿದೆ ಅಂತಲೇ ಅರ್ಥ. ಎಮಿಲಿ ಬಾಯಿಗೆ ಬೀಗ ಹಾಕಿಕೊಂಡು, ಚರ್ಚಿಗೆ ಉಡುವ ಬೂದುಬಣ್ಣದ ಸೀರೆ ಉಟ್ಟು, ಖಾಸಿಂ ಅಲಿಯ ಆಟೋ ಹತ್ತಿದಳು.

ತಂಗಿ ಏಂಜಲಿನಾ ಸತ್ತಾಗ ಅವಳ ಮಗಳು ಅನುಗ್ರಹ ಇನ್ನೂ ತೊದಲುತ್ತಿದ್ದಳು. ಅವಳಪ್ಪ ಸೊಲ್ಲಾಪುರಕ್ಕೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಎಮಿಲಿ ಮದುವೆಯಾಗಲಿಲ್ಲ, ಆಗಲಿಲ್ಲ ಅನ್ನುವುದಕ್ಕಿಂತ, ಬಂದ ಒಬ್ಬೊಬ್ಬರಲ್ಲೂ ಒಂದೊಂದು ಐಬು ಕಂಡಿತು. ಒಬ್ಬ ಪ್ರಾರ್ಥನೆಯ ಹೊತ್ತಿನಲ್ಲಿ ಕಣ್ಣು ತೆರೆದಿದ್ದ. ಅದನ್ನು ನೋಡಬೇಕಾದರೆ ನೀನೂ ಕಣ್ಣು ತೆರೆದಿದ್ದೆಯಲ್ಲ ಎಂದು ಏಂಜಲಿನಾ ನಕ್ಕಿದ್ದಳು. ಆಟೋ ಊರ ನಡುವಿನ ಚೌಬಾರಾ ಗೋಪುರ ಸುತ್ತಿ ಕಿಲ್ಲಾದ ರಸ್ತೆ ಹಿಡಿಯಿತು. ವಕೀಲರು ಆ ಕಡೆಯ ಅಂಚಿಗೆ ಒತ್ತಿ ಕೂತಿದ್ದರು, ನಡುವೆ ಇನ್ನೊಬ್ಬರು ಕೂಡುವಷ್ಟು ಜಾಗ. ಹೆಂಗಸೆಂದು ಸರಿದು ಕೂತರೋ ಅಥವಾ ಬೇರೆ ಕಾರಣಕ್ಕೋ. ಬೇಕೆಂದೇ ಎಮಿಲಿ ತನ್ನ ಚೀಲವನ್ನು ಆ ಜಾಗದಲ್ಲಿಟ್ಟಳು. ಅವರು ಅದನ್ನೆತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡರು. ಹೊಲಸಾಗಬಾರದು ಅಂತ್ರಿ, ಅಂದರು. ಯಾವುದು ಹೊಲಸಾಗಬಾರದು, ಚೀಲವೋ ಸೀಟೋ ಎಂಬುದನ್ನು ಕಿಲ್ಲಾದ ಶರ್ಜಾ ದರವಾಜಾ ಬರುವ ತನಕ ಅವಳು ತಿರುವಿ ತಿರುವಿ ನೋಡಿದಳು.

ಕಂದಕದ ಸೇತುವೆ ದಾಟುವಾಗ ತಲೆಯ ಮೇಲೆ ವಾಯುಪಡೆಯ ತರಬೇತಿ ವಿಮಾನಗಳು ಹೋದವು. ಹೊರಗಿನಿಂದ ಬಂದವರು ಆ ಸಪ್ಪಳಕ್ಕೆ ಕತ್ತೆತ್ತುತ್ತಾರೆ. ಬೀದರಿನವರು ಮಾತು ನಿಲ್ಲಿಸಿ, ಅದು ಹೋದಮೇಲೆ ಬಿಟ್ಟಲ್ಲಿಂದ ಶುರು ಮಾಡುತ್ತಾರೆ. ವಕೀಲರು ಮಾತು ನಿಲ್ಲಿಸಿ, ಬಿಟ್ಟಲ್ಲಿಂದಲೇ ಶುರು ಮಾಡಿದರು. ಎಷ್ಟು ಸಲ ಬಂದು ಹೋದವನಪ್ಪ ನೀನು, ಎಂದು ಎಮಿಲಿ ಒಳಗೇ ಅಂದುಕೊಂಡಳು. ಅವಳು ಬಾಯಿಪಾಠದಂತೆ ತೋರಿಸುತ್ತ ಹೋದಳು. ಇದು ರಂಗೀನ ಮಹಲು, ಒಳಗೆ ಮುತ್ತಿನ ಚಿಪ್ಪಿನ ಕೆಲಸ, ಕೀಲಿ ಹಾಕಿರ್ತಾರ್ರಿ. ಇದು ಸೋಲಾ ಖಾಂಬ್ ಮಸೀದಿ. ಅಲ್ಲಿ ಬುರುಜಿನ ಮೇಲೆ ತೋಪು, ಹತ್ತಬೇಕ್ರಿ. ಬಂದವರಿಗೆಲ್ಲ ಇದೇ ಕ್ರಮ: ತೋಪಿನ ಹತ್ತಿರ ಫೋಟೋ, ಕೋಟೆಗೋಡೆಯಿಂದ ಕೆಳಗಿನ ಹೊಲ, ಆಮೇಲೆ ಅಷ್ಟೂರಿನಲ್ಲಿ ಸುಲ್ತಾನರ ಗೋರಿಗಳ ಗುಂಬಜುಗಳು. ವಕೀಲರು ಪ್ರತಿ ಕಲ್ಲಿನ ಮುಂದೆಯೂ ನಿಂತು ತಲೆದೂಗಿದರು. ಕಣ್ಣು ಕಲ್ಲಿನ ಮೇಲಿರಲಿಲ್ಲ. ಎರಡು ಸಲ ಎಮಿಲಿ ಫಕ್ಕನೆ ತಿರುಗಿದಾಗ, ಎರಡು ಸಲವೂ ಅವರು ಅವಳ ಮುಖವನ್ನೇ ನೋಡುತ್ತಿದ್ದರು. ಮೂಗು, ಬಣ್ಣ, ಕಿವಿಯ ತೂತು. ಜಾತಿ ಹುಡುಕುವವರು ಮೊದಲು ಮುಖದಲ್ಲೇ ಹುಡುಕುತ್ತಾರೆ.

ಬುರುಜಿನ ಮೇಲೆ ತೋಪಿನ ಬೆನ್ನಿಗೆ ಕೈಯಿಟ್ಟು ಅವರೇ ಒಂದು ಕಥೆ ಹೇಳಿದರು. ಔರಂಗಜೇಬ ಮುತ್ತಿಗೆ ಹಾಕಿದಾಗ ಒಳಗಿನ ಕಿಲ್ಲೇದಾರ ಬಹಳ ಗಟ್ಟಿಯಾಗಿ ನಿಂತಿದ್ದನಂತೆ; ಹೊರಗಿನ ತೋಪಿಗೆ ಬಗ್ಗಲಿಲ್ಲ, ಕೊನೆಗೆ ತನ್ನ ಬುರುಜಿನಲ್ಲೇ ತಾನು ಕೂಡಿಹಾಕಿದ ಮದ್ದಿಗೆ ಕಿಡಿ ತಾಗಿ ಸುಟ್ಟುಹೋದನಂತೆ. ಕಿಲ್ಲಾ ನೋಡೇ ಇಲ್ಲ ಅಂದವರಿಗೆ ಕಥೆ ಮಾತ್ರ ಗೊತ್ತು. ಕೆಳಗೆ ತೊಗರಿ ಹೊಲಗಳು, ಆಚೆ ಬಿಸಿಲಲ್ಲಿ ಕರಗಿದಂತಿದ್ದ ದಿಗಂತ. ಆಮೇಲೆ ಅವರು, ಆ ನಲವತ್ತೆಂಟರ ಪೊಲೀಸ್ ಆ್ಯಕ್ಷನ್ನಿನ ಗದ್ದಲದಾಗ ನಿಮ್ಮ ಹಿರಿಯರು ಎಲ್ಲಿದ್ರಂತ್ರಿ ಎಂದು ಕೇಳಿದರು. ಬೀದರಿನಲ್ಲಿ ಈ ಪ್ರಶ್ನೆಯನ್ನು ಯಾರೂ ಸುಮ್ಮನೆ ಕೇಳುವುದಿಲ್ಲ. ಮಿಷನ್ ಕಂಪೌಂಡಿನಾಗ ಇದ್ರು, ಯಾರ್ ಬಂದ್ರೂ ಅಲ್ಲೇ ಅಡಗಸ್ತಿದ್ರಂತ, ಎಂದಳು. ಅದಕ್ಕಿಂತ ಮೊದಲ್ರಿ? ಹಲಬರ್ಗಾ ಊರು, ಅಂದಳು. ವಕೀಲರು ತೋಪಿನಿಂದ ಕೈ ತೆಗೆದು, ಹಲಬರ್ಗಾದಾಗ ಯಾವ ಕಡೀರಿ, ಅಂದರು.

ಬಂತು. ಬೆಳಿಗ್ಗೆಯಿಂದ ಅವಳು ಕಾಯುತ್ತಿದ್ದದ್ದು ಇದೇ. ಊರಿನಲ್ಲಿ ಯಾವ ಕಡೆ ಎಂದರೆ ಒಳಗೋ ಹೊರಗೋ, ಮೇಲೋ ಕೆಳಗೋ. ನರ್ಸಿಂಗ್ ಕಲಿಯುವಾಗ ಬಾಡಿಗೆಗೆ ಕೋಣೆ ಕೊಟ್ಟ ಮುದುಕಿ ದಿನಾ ಪ್ರೀತಿಯಿಂದ ಮಾತಾಡಿಸಿ, ಒಂದು ದಿನ ಜೋಳ ಹಸನು ಮಾಡುತ್ತ, ಕಿರಸ್ತಾನರಂತೂ ಖರೇ, ಮೊದಲಿಗೆ ಏನಿದ್ರಿ ನೀವು ಎಂದು ಕೇಳಿದ್ದಳು. ಎಮಿಲಿ ಉತ್ತರಿಸಿರಲಿಲ್ಲ. ಮರುದಿನದಿಂದ ನೀರಿನ ಕೊಡ ಬೇರೆಯಾಯಿತು. ಉತ್ತರ ಕೊಡದಿರುವುದೂ ಉತ್ತರವೇ ಎಂದು ಅವಳಿಗೆ ಆಗ ಗೊತ್ತಿರಲಿಲ್ಲ. ಈಗ ಗೊತ್ತು. ಆದ್ದರಿಂದ, ನೆನಪಿಲ್ರಿ, ನಾ ಹುಟ್ಟಿದ್ದು ಬೀದರದಾಗ, ಎಂದು ನಕ್ಕೇ ಅಂದಳು, ನಗು ಮುಖದಲ್ಲಿ ನಿಲ್ಲಲಿಲ್ಲ. ವಕೀಲರು ಮುಂದೆ ಕೇಳಲಿಲ್ಲ. ಮುಂದೆ ಕೇಳದೆ ಬಿಟ್ಟದ್ದು ಇನ್ನೂ ಕೆಟ್ಟದು. ತಿಳಿಯಬೇಕಾದ್ದು ತಿಳಿಯಿತೇನೋ.

ಮೆಟ್ಟಿಲಿಳಿಯುವಾಗ ವಕೀಲರು ಬೇರೆ ಮಾತು ಹಿಡಿದರು. ದವಾಖಾನೆಯಲ್ಲಿ ಎಷ್ಟು ವರ್ಷ ಇದ್ರಿ? ಯಾವ ವಾರ್ಡು? ಮಕ್ಕಳ ವಾರ್ಡಿನಲ್ಲೂ ಇದ್ರೇನು? ಹೊರಗಿನ ವರಾಂಡದಲ್ಲಿ ಚೀಟಿ ಬರೆಯುವ ಕಡೆ ಇದ್ರೋ, ಒಳಗೆ ಇದ್ರೋ? ಇಷ್ಟೊಂದು ಮಂದಿ ಪೇಶಂಟು ಬಂದು ಹೋಗ್ತಾರ, ಒಬ್ಬೊಬ್ಬರದೂ ನೆನಪಿರ್ತದೇನ್ರಿ ನಿಮಗ? ಎಮಿಲಿಗೆ ಕಿವಿಯವರೆಗೆ ಬಿಸಿಯೇರಿತು. ಆಯಾ ಆಗಿದ್ದೆಯೋ ನರ್ಸು ಆಗಿದ್ದೆಯೋ ಎಂದು ಬಾಯಿಬಿಟ್ಟು ಕೇಳಬಾರದೆ? ಇಡೀ ಜನ್ಮ ಬಿಳಿ ಸೀರೆಗೆ ಗಂಜಿ ಹಾಕಿ, ಮಂದಿಯ ರಕ್ತ ಕೀವು ಬಳಿದು, ಪೆನ್ಷನ್ನು ತರುತ್ತಿರುವವಳು. ಹೆಡ್ ಸಿಸ್ಟರ್ ಇದ್ದೇರಿ, ಸರ್ಟಿಫಿಕೇಟ್ ಮನ್ಯಾಗ ಅದಾವ, ತೋರಿಸ್ಲೇನು ಎಂದಳು. ವಕೀಲರು ಗಾಬರಿಯಾಗಿ, ಛೆ ಛೆ ಹಂಗಲ್ರಿ ಬಾಯವ್ರ ಎಂದು ಕೈಯಾಡಿಸಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎಂದು ಎಮಿಲಿಗೆ ಒಂದು ಕ್ಷಣ ಖುಷಿಯಾಯಿತು. ಮುಟ್ಟಿ ನೋಡಿಕೊಂಡದ್ದು ತಾನೇ ಇರಬಹುದೆಂದು ಹೊಳೆದು ಆ ಖುಷಿಯೂ ಹೋಯಿತು.

ದರವಾಜಾದ ಹೊರಗೆ ಪೇರಲಹಣ್ಣಿಗೆ ಉಪ್ಪುಖಾರ ಹಚ್ಚಿ ಮಾರುತ್ತಿದ್ದರು. ವಕೀಲರು ಒಂದನ್ನೇ ಕೊಂಡು, ಎರಡು ಹೋಳು ಮಾಡಿಸಿ, ಒಂದನ್ನು ಅವಳಿಗೆ ಕೊಟ್ಟರು. ಒಂದೇ ಹಣ್ಣು ಹಂಚಿಕೊಂಡು ತಿಂದೆವು ಎಂದು ಮನೆಯಲ್ಲಿ ಹೇಳಲಿಕ್ಕೆ ಬೇಕಾಗಿತ್ತೇನೋ. ಅಥವಾ ಎರಡು ಕೊಳ್ಳಲಿಕ್ಕೆ ಕೈ ಬರಲಿಲ್ಲವೇನೋ. ಅಂಥ ಮನೆಗೆ ಹುಡುಗಿ ಹೋದರೆ ಪಾಡೇನು. ಅವಳು ತಿನ್ನುತ್ತ ಅನುಗ್ರಹಳ ಬಗ್ಗೆ ಯೋಚಿಸಿದಳು. ಆ ಹುಡುಗಿಗೆ ಈ ಪರಾಗ ಬೇಕು. ಬೇಕು ಅಂತ ಅವಳು ಒಂದು ಸಲವೂ ಅಂದಿಲ್ಲ. ಆದರೆ ಅವನ ಹೆಸರು ಹೇಳುವಾಗ ದನಿ ಇಳಿಯುತ್ತದೆ. ಔರಾದದಲ್ಲಿ ಕೆಲಸ ಸಿಕ್ಕ ಹೊಸತರಲ್ಲಿ ಎಮಿಲಿ ಹೇಳದೆ ಕೇಳದೆ ಬಸ್ಸು ಹತ್ತಿ ಹೋಗಿ ಅವಳ ಕೋಣೆಯಲ್ಲಿ ಕೂತುಬಿಡುತ್ತಿದ್ದಳು. ಮಂಚದ ಕೆಳಗೆ ನೋಡುತ್ತಿದ್ದಳು, ದಿಂಬು ಮೂಸುತ್ತಿದ್ದಳು, ಮನೆಯ ಮಾಲಕಿ ಆಬೇದಾಳನ್ನು ಹಿತ್ತಲಿಗೆ ಕರೆದು ಯಾರು ಬರ್ತಾರ, ಎಷ್ಟೊತ್ತಿಗಿ ಬರ್ತಾಳ ಎಂದು ವಿಚಾರಿಸುತ್ತಿದ್ದಳು. ತಾಯಿಯಿಲ್ಲದ ಹುಡುಗಿ, ನೋಡಬೇಕಾದವರು ನೋಡದಿದ್ದರೆ ಇನ್ಯಾರು ನೋಡುತ್ತಾರೆ? ಅನುಗ್ರಹ ಡ್ಯೂಟಿ ಮುಗಿಸಿ ಬಂದು, ದೊಡ್ಡಮ್ಮ ಕೂತಿರುವುದನ್ನು ಕಂಡು, ಬಾಗಿಲಲ್ಲೇ ಒಂದು ಗಳಿಗೆ ನಿಲ್ಲುತ್ತಿದ್ದಳು. ದಣಿದಿದ್ದಾಳೆ ಎಂದು ಎಮಿಲಿ ತಿಳಿಯುತ್ತಿದ್ದಳು.

ಅಷ್ಟೂರಿಗೆ ಹೋಗುವ ದಾರಿಯಲ್ಲಿ ಖಾಸಿಂ ಅಲಿ ಹಿಂದೆ ತಿರುಗಿ, ಇವರು ಎಲ್ಲಿಯ ಬೀಗರು ಸಿಸ್ಟರಮ್ಮಾ ಎಂದು ಕೇಳಿಬಿಟ್ಟ. ಇಬ್ಬರೂ ರಸ್ತೆ ನೋಡಿದರು. ಆ ಮಾತು ಆಟೋದೊಳಗೇ ಉಳಿದು, ಗುಂಬಜುಗಳು ಕಾಣುವ ತನಕ ಅವರ ನಡುವೆ ಕೂತುಕೊಂಡಿತ್ತು. ಈ ಮನುಷ್ಯ ಸಂಜೆಯ ಬಸ್ಸಿಗೆ ಹೋಗುತ್ತಾನೆ, ರಾತ್ರಿ ಹೆಂಡತಿಯ ಮುಂದೆ ಕೂತು ವರದಿ ಒಪ್ಪಿಸುತ್ತಾನೆ: ಮನೆ ಸಣ್ಣದು, ಹೆಂಗಸು ಜೋರು, ಹಲಬರ್ಗಾದವರು, ಯಾವ ಕಡೆ ಅಂತ ಹೇಳಲಿಲ್ಲ. ನಾಳೆಯಿಂದ ಫೋನು ಬರುವುದಿಲ್ಲ. ಅನುಗ್ರಹ ಏನೂ ಕೇಳುವುದಿಲ್ಲ, ಅಳುವುದೂ ಇಲ್ಲ, ಇನ್ನಷ್ಟು ತೆಳ್ಳಗಾಗುತ್ತಾಳೆ. ಬೇಡವೆನ್ನುವುದಾದರೆ ತಾನೇ ಮೊದಲು ಬೇಡವೆನ್ನಬೇಕು, ಅಷ್ಟಾದರೂ ಮಾನ ಉಳಿಯುತ್ತದೆ, ಎಂದು ಅವಳು ಹಲ್ಲು ಕಚ್ಚಿದಳು.

ಸುಲ್ತಾನನ ಗೋರಿಯೊಳಗೆ ತಂಪು, ಕತ್ತಲೆ, ಲೋಬಾನದ ಹೊಗೆಯ ಹಳೆಯ ವಾಸನೆ. ತೆಂಗಿನಕಾಯಿ ತರುವವರೂ ಚಾದರ ತರುವವರೂ ಬಂದು ಹೋಗುವ ಜಾಗ. ಕಾವಲಿನವನು ಬಾಗಿಲ ಬಳಿ ಕನ್ನಡಿ ಹಿಡಿದು, ಬಿಸಿಲನ್ನು ಒಳಗೆ ಹಾಯಿಸಿ, ಗೋಡೆಯ ಬಣ್ಣ ತೋರಿಸತೊಡಗಿದ. ಬೆಳಕಿನ ತುಂಡು ಕೆಂಪು ಹೂವಿನ ಮೇಲೆ, ಬಂಗಾರದ ಅಕ್ಷರದ ಮೇಲೆ ಓಡಾಡಿ, ಅವನ ಕೈ ಜಾರಿ ಎಮಿಲಿಯ ಮುಖದ ಮೇಲೆ ಬಿತ್ತು. ಅವಳು ಕಣ್ಣು ಕಿರಿದು ಮಾಡಿದಳು. ವಕೀಲರು ಅವಳನ್ನೇ ನೋಡುತ್ತ ನಿಂತಿದ್ದರು.

"ನಿಮಗ ನನ್ನ ಗುರ್ತು ಖರೇನೇ ಹತ್ತಿಲ್ಲೇನ್ರಿ, ಸಿಸ್ಟರ್?"

ಇಡೀ ದಿನ ಬಾಯವ್ರ ಬಾಯವ್ರ ಎಂದವರು ಈಗ ಸಿಸ್ಟರ್ ಅಂದರು. ಎಮಿಲಿ ಇಲ್ಲವೆಂದು ತಲೆಯಾಡಿಸಿದಳು. ಅವರು ಹೊರಗೆ ಬಂದು ಕಟ್ಟೆಯ ಮೇಲೆ ಕೂತರು. ಪರಾಗನ ಸಂಬಂಧದ ಬಗ್ಗೆ ನಾನೇ ಮೊದಲು ಬಾಯಿ ಬಿಡ್ತೇನ್ರಿ, ಏನಾರೆ ತಿಳ್ಕೊಳ್ರಿ, ಎಂದು ಶುರು ಮಾಡಿದರು. ಪರಾಗ ಐದು ವರ್ಷದವನಿದ್ದಾಗ ಅವನನ್ನು ಎಮಿಲಿಯ ದವಾಖಾನೆಗೆ ತಂದಿದ್ದರಂತೆ. ವರಾಂಡದಲ್ಲೇ ಹುಡುಗನಿಗೆ ಫಿಟ್ಸ್ ಬಂತು. ಹೆಂಡತಿ ಸರಸ್ವತಿಬಾಯಿ ಕಬ್ಬಿಣ ಹಿಡಿದರೆ ನಿಲ್ಲುತ್ತದೆಂದು ಸೊಂಟದ ಕೀಲಿಗೊಂಚಲು ಬಿಚ್ಚಿ ಮಗನ ಮುಷ್ಟಿಯಲ್ಲಿ ತುರುಕಿದಳು. ಯಾರೋ ಹಲ್ಲಿನ ನಡುವೆ ಚಮಚ ತೂರಿಸುತ್ತಿದ್ದರು. ಒಳಗಿನಿಂದ ಒಬ್ಬ ನರ್ಸು ಓಡಿ ಬಂದು, ಕೀಲಿ ಕಸಿದು ಬಿಸಾಡಿ, ಚಮಚ ಕಿತ್ತು, ಹುಡುಗನನ್ನು ಮಗ್ಗಲಾಗಿ ಮಲಗಿಸಿ, ಎಲ್ಲರೆದುರಿಗೆ ಸರಸ್ವತಿಬಾಯಿಗೆ, ಓದಿದಾಕಿ ಇದ್ದಿ, ನಾಚಿಕಿ ಬರಂಗಿಲ್ಲೇನು ಎಂದು ಬೈದಳು. ಆ ಮಾತು ಹೆಂಡತಿಯ ಎದೆಯಲ್ಲಿ ಹಾಗೇ ಇದೆಯಂತೆ. ಇತ್ತೀಚೆಗೆ ಪರಾಗ ಮೊಬೈಲಿನಲ್ಲಿ ಅನುಗ್ರಹಳ ದೊಡ್ಡಮ್ಮನ ಫೋಟೋ ತೋರಿಸಿದಾಗ ಅವಳು ಕೂಡಲೇ ಗುರುತು ಹಿಡಿದಳಂತೆ. ಅದೇ ನರ್ಸು. ಆಕೀಗ ನೆನಪಿದ್ರ ಹುಡುಗಿ ಕೊಡಂಗಿಲ್ಲ, ಹೋಗಿ ನೋಡಿ ಬರ್ರಿ, ಎಂದು ದಿನಾ ಬೆನ್ನು ಹತ್ತಿದಳಂತೆ.

ಎಮಿಲಿ ನೆನಪು ಮಾಡಿಕೊಳ್ಳಲು ನೋಡಿದಳು. ಏನೂ ಬರಲಿಲ್ಲ. ಎಷ್ಟು ಹುಡುಗರು, ಎಷ್ಟು ಕೀಲಿ, ಎಷ್ಟು ಮಂದಿಗೆ ಬೈದಿಲ್ಲ. ತಾನು ಅಂಜುತ್ತಿದ್ದ ಮನೆಯಲ್ಲಿ ತನಗೇ ಅಂಜುತ್ತಿದ್ದರು. ಮೊದಲು ಅವಳಿಗೆ ಆದದ್ದು ಸಂತೋಷ, ನಾಚಿಕೆಗೆಟ್ಟ ಸಂತೋಷ. ಅವರ ಹುಳುಕು ಈಗ ತನ್ನ ಅಂಗೈಯಲ್ಲಿತ್ತು. ಬೆನ್ನು ನೆಟ್ಟಗಾಯಿತು. ದನಿ ವಾರ್ಡಿನ ದನಿಯಾಯಿತು. ಯಾವ ಗುಳಿಗಿ? ದಿನಕ್ಕ ಎಷ್ಟು ಸಲ? ಕೊನೀಗಿ ಬಂದದ್ದು ಯಾವಾಗ? ವಕೀಲರು ಸಾಲಿ ಹುಡುಗನ ಹಾಗೆ ಒಂದೊಂದಕ್ಕೂ ಉತ್ತರ ಕೊಟ್ಟರು. ಕಾಲೇಜಿನಲ್ಲಿದ್ದಾಗ ಗುಳಿಗೆ ತಪ್ಪಿಸಿ ಒಂದು ಸಲ ಬಂದಿತ್ತು, ಆಮೇಲೆ ಇಲ್ಲ, ಸೊಲ್ಲಾಪುರದ ಡಾಕ್ಟರು ಮದುವೆಗೆ ಅಡ್ಡಿಯಿಲ್ಲ ಅಂದಿದ್ದಾರೆ.

"ನಿಮ್ಮ ಮನೆತನದಾಗ ಮತ್ಯಾರಿಗರೆ ಅದೇನು? ಬಚ್ಚಿಡಬ್ಯಾಡ್ರಿ."

"ಯಾರಿಗೂ ಇಲ್ರಿ," ಎಂದು ವಕೀಲರು ನೆಲ ನೋಡಿದರು. ನಗಲು ಹೋದರು, ನಗು ಮುಖದಲ್ಲಿ ನಿಲ್ಲಲಿಲ್ಲ. ಆ ಮುಖ ಎಮಿಲಿಗೆ ಚೆನ್ನಾಗಿ ಗೊತ್ತಿತ್ತು. ಬೆಳಿಗ್ಗೆ ಬುರುಜಿನ ಮೇಲೆ ಅದನ್ನು ತಾನೇ ಹೊತ್ತು ನಿಂತಿದ್ದಳು. ಅವಳಿಗೆ ಮುಂದೆ ಕೇಳಲಾಗಲಿಲ್ಲ. ಹಲಬರ್ಗಾದಾಗ ಯಾವ ಕಡೆ ಅಂತ ಕೇಳಿದ್ದು ಮಾತ್ರ ಯಾಕೆ ಎಂದಳು. ಸುಳ್ಳು ಹೇಳಂಗಿಲ್ರಿ, ಮನ್ಯಾಗ ಅದನ್ನೂ ಕೇಳ್ಕೊಂಡು ಬರ್ರಿ ಅಂದಿದ್ರು, ನನಗೂ ಕೇಳಬೇಕಂತ ಇತ್ತು, ಎಂದರು ವಕೀಲರು. ಅಂದರೆ ಒಂದು ಅನುಮಾನವಾದರೂ ಸುಳ್ಳಾಗಲಿಲ್ಲ. ಅವಳಿಗೆ ಸಿಟ್ಟು ಬರಬೇಕಾಗಿತ್ತು, ಮೈ ಹಗುರಾಯಿತು. ಊರ ಹೊರಗಿನ ಕಡೇರಿ, ನಮ್ಮ ಮುತ್ಯಾ ಮಂದಿ ಕಾಲಿನ ಕೆರಾ ಹೊಲೀತಿದ್ದ, ಎಂದು ಅವಳು ಜನ್ಮದಲ್ಲಿ ಮೊದಲ ಸಲ ಜೋರಾಗಿ ಹೇಳಿದಳು. ಮನ್ಯಾಗ ನಾ ಹೇಳ್ಕೋತೇನ್ರಿ, ಅಂದರು ವಕೀಲರು.

ನೆರಳು ಕಟ್ಟೆಯ ಆ ಬದಿಗೆ ಸರಿದಿತ್ತು. ಎಮಿಲಿಗೆ ಒಮ್ಮೆಲೇ ಹುಡುಗಿಯ ಮೇಲೆ ಕಕ್ಕುಲಾತಿ ಉಕ್ಕಿತು. ಪಾಪ, ಏನೂ ತಿಳಿಯದೆ ಅಲ್ಲಿ ಕೂತಿದೆ.

"ಅನುಗ್ರಹಾಗ ನಿಮ್ಮ ಮಗಾ ಇದು ಹೇಳ್ಯಾನೇನ್ರಿ?"

"ಆಕೀಗ ಮೊದಲಿಂದ ಗೊತ್ತದ್ರಿ. ಗುಳಿಗಿ ನೆನಪು ಮಾಡಾಕಿನೇ ಆಕಿ."

"ನನಗ್ಯಾಕ ಹೇಳಿಲ್ಲ?"

ವಕೀಲರು ಕಟ್ಟೆಯ ಮೇಲಿನ ಧೂಳನ್ನು ಕೈಯಿಂದ ಒರೆಸಿದರು. ಅಂಜ್ಯಾಳ್ರಿ, ಎಂದರು. ಯಾರಿಗೆ ಎಂದು ಎಮಿಲಿ ಕೇಳಲಿಲ್ಲ. ಔರಾದದ ಕೋಣೆಯ ಬಾಗಿಲಲ್ಲಿ ಹುಡುಗಿ ನಿಲ್ಲುತ್ತಿದ್ದದ್ದು ದಣಿವಿನಿಂದ ಅಲ್ಲ. ಒಳಗೆ ಯಾವ ಯಾವುದರ ಮೇಲೆ ಕೈ ಹೋಗಿದೆ ಎಂದು ಅವಳು ಆ ಗಳಿಗೆಯಲ್ಲಿ ಲೆಕ್ಕ ಹಾಕುತ್ತಿದ್ದಳು. ತಾನು ಎತ್ತಿ ಬೆಳೆಸಿದ ಕೂಸು, ಜ್ವರ ಬಂದರೆ ಎದೆಯ ಮೇಲೆ ಮಲಗಿಸಿಕೊಂಡ ಕೂಸು, ತನಗೆ ಅಂಜಿ ಮಾತು ಬಚ್ಚಿಡುತ್ತದೆ. ಎಮಿಲಿ ಚೀಲದಿಂದ ಫೋನು ತೆಗೆದು ಔರಾದಕ್ಕೆ ಹಚ್ಚಿದಳು. ಗಂಟೆ ಬಾರಿಸಿದ ಕೂಡಲೇ ಅನುಗ್ರಹ ಎತ್ತಿದಳು. ಊಟ ಆಯಿತೇನು ಎಂದೂ ಅನ್ನಲಿಲ್ಲ.

"ದೊಡ್ಡಮ್ಮ, ಏನ್ ಕೇಳಿದಿ ನೀ ಅವರಿಗಿ?"

"ಏನೂ ಕೇಳಿಲ್ಲವ್ವ. ಕಿಲ್ಲಾ ತೋರಿಸಿದೆ. ಬರೋ ಐತವಾರ ಅವರ ಮನಿ ಮಂದೀಗೆಲ್ಲ ಊಟಕ್ಕ ಕರೀತೇನಿ. ಮಾತು ಮುಗಿಸಿಬಿಡೂಣು. ನೀನೂ ಬಾ."

ಆ ಕಡೆ ಸದ್ದಿಲ್ಲ. ಖುಷಿಯಿಂದ ಮಾತು ನಿಂತಿದೆ ಎಂದು ಎಮಿಲಿ ಕಾದಳು. ಆಮೇಲೆ ಅನುಗ್ರಹ, ಅವರು ಅಲ್ಲೇ ಇದ್ರ ಜರಾ ಅವರ ಕೈಯಾಗ ಫೋನ್ ಕೊಡು ಅಂದಳು. ಎಮಿಲಿ ಕೊಟ್ಟಳು. ಕಿವಿ ಮಂದವೆಂದು ಅವಳು ಫೋನಿನ ದನಿಯನ್ನು ಯಾವಾಗಲೂ ಜೋರಾಗಿ ಇಟ್ಟಿರುತ್ತಿದ್ದಳು, ಹಾಗಾಗಿ ಎಲ್ಲ ಕೇಳಿಸಿತು. ಹುಡುಗಿ ಒಂದೊಂದೇ ಅಕ್ಷರ ಬಿಡಿಸಿ ಕೇಳುತ್ತಿದ್ದಳು.

"ಖರೇನೇನ್ರಿ ಮಾಮಾ? ದೊಡ್ಡಮ್ಮ ನಿಮಗ ಏನೂ ಕೇಳಿಲ್ಲೇನ್ರಿ?"

ವಕೀಲರು ಎಮಿಲಿಯ ಕಡೆ ನೋಡಲಿಲ್ಲ.

"ಏನೂ ಕೇಳಿಲ್ಲವ್ವ. ಬಹಳ ಛಲೋ ನೋಡ್ಕೊಂಡ್ರು ನನಗ," ಅಂದರು.

ಫೋನಿನೊಳಗೆ ಅನುಗ್ರಹ ಉಸಿರು ಬಿಟ್ಟದ್ದು ಕೇಳಿತು, ಆಮೇಲೆ ಅಳು, ಅಳುವಿನ ನಡುವೆ ನಗು. ಅದೇ ಮಾತು ಅವರ ಬಾಯಿಂದ ಬಂದಾಗ ಅವಳು ಕೂಡಲೇ ನಂಬಿದಳು.